ಗೆಳೆಯ ರೂಮು ಬಿಟ್ಟು ಹೋದ, ಅವನ ಪಾಲಿನ ಬಾಡಿಗೆ ಯಾರು ಕಟ್ಟಬೇಕು?

ಪ್ರಶ್ನೆ: ಸರ್, ನಾವು ಮೂವರು ಗೆಳೆಯರು ಕಲಬುರಗಿಯ ಸೇಡಂ ರಸ್ತೆ ಕಡೆ ಎರಡು ಬೆಡ್‌ರೂಮಿನ ಮನೆ ಹಿಡಿದಿದ್ದೇವೆ. ಬಾಡಿಗೆ 12,000 ರೂ., ಡಿಪಾಜಿಟ್ 60,000 ರೂ. ಮೂವರೂ ಸಮ ಹಾಕಿದ್ದೇವೆ. ಜೂನ್ 1ರಿಂದ 11 ತಿಂಗಳ ಕರಾರು, ಅದಕ್ಕೆ ಮೂವರ ಸಹಿ ಇದೆ. ನಮ್ಮಲ್ಲೊಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ನವೆಂಬರ್ ಕೊನೆಗೆ ಸಾಮಾನು ಎತ್ತಿಕೊಂಡು ಹೋದ. ಮನೆ ಮಾಲೀಕರು "ನನಗ ಪೂರಾ ಕಿರಾಯಿ ಬರಬೇಕು, ನಿಮ್ಮ ನಿಮ್ಮ ಹಿಸಾಬು ನೀವೇ ನೋಡ್ಕೋರಿ" ಅನ್ನುತ್ತಾರೆ. ಅವನು "ನಾ ಇರಲಾರದ ಮನಿಗಿ ಯಾಕ ಕಿರಾಯಿ ಕೊಡ್ಲಿ? ನನ್ನ 20,000 ವಾಪಸ್ ಕೊಡ್ರಿ" ಅನ್ನುತ್ತಾನೆ. ನಾವಿಬ್ಬರು ನಮ್ಮ ಪಾಲಿನ 8,000 ಕಟ್ಟಿದರೆ ಸಾಕಾ? ಅವನ ಡಿಪಾಜಿಟ್ ಕೊಡಬೇಕಾದವರು ಯಾರು? ಅವನ ಜಾಗಕ್ಕೆ ಬೇರೆಯವರನ್ನು ಕರೆದುಕೊಳ್ಳಬಹುದಾ?

ಉತ್ತರ: 8,000 ಸಾಕಾಗುವುದಿಲ್ಲ. ಏಪ್ರಿಲ್ ಕೊನೆಯವರೆಗೆ, ಅಂದರೆ ಕರಾರು ಮುಗಿಯುವವರೆಗೆ, ಮಾಲೀಕರಿಗೆ ತಿಂಗಳಿಗೆ 12,000 ಮುಟ್ಟಲೇಬೇಕು. ಹಾಗಂತ ನಿಮ್ಮ ಗೆಳೆಯ ಋಣಮುಕ್ತನಾದ ಅಂತಲ್ಲ. ಅವನ 4,000 ಅವನ ತಲೆ ಮೇಲೇ ಇದೆ. ಆದರೆ ಅದನ್ನು ವಸೂಲಿ ಮಾಡುವ ಕೆಲಸ ಈಗ ನಿಮ್ಮದಾಗಿದೆ.

ಮೂವರು ಸೇರಿ ಮನೆ ಹಿಡಿದಾಗ ಎರಡು ಬೇರೆ ಬೇರೆ ಲೆಕ್ಕ ಶುರುವಾಗುತ್ತವೆ. ಒಂದು, ನೀವು ಮೂವರೂ ಸೇರಿ ಮಾಲೀಕರಿಗೆ ಕೊಟ್ಟ ಮಾತು. ಇನ್ನೊಂದು, ನೀವು ಮೂವರು ನಿಮ್ಮ ನಿಮ್ಮೊಳಗೆ ಮಾಡಿಕೊಂಡ ಹಂಚಿಕೆ. ಮೊದಲನೆಯದು ಕರಾರು ಪತ್ರದಲ್ಲಿದೆ. ಎರಡನೆಯದು ಬರೀ ಬಾಯಿಮಾತಲ್ಲಿದೆ. ಇಂಥ ಜಗಳಗಳಲ್ಲಿ ನಾನು ಕಂಡಂತೆ, ಎಲ್ಲರೂ ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮಾಲೀಕರ ಹತ್ತಿರ ಹೋಗಿ "ನನ್ನ ಪಾಲು ಕಟ್ಟಿದ್ದೇನೆ, ನನ್ನನ್ನು ಬಿಡಿ" ಅಂತಾರೆ. ಮಾಲೀಕರ ಮಟ್ಟಿಗೆ ಪಾಲು ಅನ್ನೋದೇ ಇಲ್ಲ. ಅವರು ಕೊಟ್ಟಿದ್ದು ಒಂದು ಮನೆ, ಅವರಿಗೆ ಬರಬೇಕಾದದ್ದು ಒಂದು ಬಾಡಿಗೆ.

ಕಾನೂನಿನಲ್ಲಿ ಇದು ಹೊಸ ವಿಷಯ ಏನೂ ಅಲ್ಲ. ಭಾರತೀಯ ಕರಾರು ಕಾಯ್ದೆ 1872ರದು. ಅದರ 43ನೇ ಕಲಂ ನಿಮ್ಮ ಮೂವರ ಸಲುವಾಗಿಯೇ ಬರೆದಂತಿದೆ. ಹಲವರು ಸೇರಿ ಒಂದು ಮಾತು ಕೊಟ್ಟಿದ್ದರೆ, ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಅದನ್ನು ಪೂರ್ತಿಯಾಗಿ ನೆರವೇರಿಸು ಅಂತ ಅವರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಹಾಗಾಗಿ ಮಾಲೀಕರು ಬೇಕಾದರೆ ನಿಮ್ಮೊಬ್ಬರನ್ನೇ ಹಿಡಿದು 12,000 ಕೇಳಬಹುದು. ಅದೇ ಕಲಮಿನ ಎರಡನೇ ಭಾಗ ನಿಮಗೆ ಆಸರೆ. ಪೂರ್ತಿ ಕಟ್ಟಿದವನು ಉಳಿದವರಿಂದ ಅವರವರ ಪಾಲು ಕೇಳಿ ಪಡೆಯಬಹುದು. ಬೇರೆ ಒಪ್ಪಂದ ಕಾಣದಿದ್ದರೆ ಪಾಲು ಸಮ ಸಮ. ನಿಮ್ಮದು ಸಮವೇ ಇದೆ. ಅಟ್ಯಾಚ್ಡ್ ಬಾತ್‌ರೂಮ್ ಇರುವ ಕೋಣೆಗೆ ಒಬ್ಬ 5,000 ಕೊಡುತ್ತಿದ್ದ, ಹಾಲ್‌ನಲ್ಲಿ ಮಲಗುವವನು 3,000 ಕೊಡುತ್ತಿದ್ದ ಅಂತಿದ್ದರೆ, ತಿಂಗಳು ತಿಂಗಳು ಫೋನ್‌ಪೇಯಲ್ಲಿ ಕಳಿಸಿದ ದುಡ್ಡೇ ಆ ಹಂಚಿಕೆಗೆ ಸಾಕ್ಷಿ ಆಗುತ್ತದೆ.

ಮೂರನೇ ಭಾಗ ಸ್ವಲ್ಪ ಕಹಿ. ಒಬ್ಬ ಕೈಯೆತ್ತಿಬಿಟ್ಟರೆ, ಅವನಿಂದ ಏನೂ ಬರದಿದ್ದರೆ, ಆ ನಷ್ಟವನ್ನು ಉಳಿದವರು ಸಮನಾಗಿ ಹೊರಬೇಕು. ಅಂದರೆ ಅವನ 4,000ದಲ್ಲಿ ನಿಮಗೆ 2,000, ನಿಮ್ಮ ಇನ್ನೊಬ್ಬ ಗೆಳೆಯನಿಗೆ 2,000. ನೀವೊಬ್ಬರೇ ಅದನ್ನೆಲ್ಲ ಹೊರಬೇಕಿಲ್ಲ, ಅವರೊಬ್ಬರೂ ಹೊರಬೇಕಿಲ್ಲ. ಉಳಿದ ಇಬ್ಬರ ನಡುವೆ ಇದರಿಂದ ಮನಸ್ತಾಪ ಬರುವುದು ಜಾಸ್ತಿ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು 44ನೇ ಕಲಂ. ಇದು ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಗೆಳೆಯ ಮಾಲೀಕರ ಮನೆಗೆ ಹೋಗಿ, ಕೈ ಮುಗಿದು, "ನನ್ನನ್ನು ಬಿಟ್ಟುಬಿಡಿ ಸರ್" ಅಂದ ಅನ್ನಿ. ಅವರೂ "ಆಯ್ತು ಹೋಗಪ್ಪಾ, ನಿನ್ನ ಮೇಲೆ ನನ್ನದೇನೂ ಇಲ್ಲ" ಅಂದರು. ಅದರಿಂದ ನೀವಿಬ್ಬರು ಬಿಡುಗಡೆ ಆಗುವುದಿಲ್ಲ. ಪೂರ್ತಿ ಬಾಡಿಗೆ ಕೇಳುವ ಹಕ್ಕು ಮಾಲೀಕರಿಗೆ ನಿಮ್ಮ ಮೇಲೆ ಹಾಗೇ ಇರುತ್ತದೆ. ಅವನೂ ನಿಮ್ಮಿಂದ ಬಿಡುಗಡೆ ಆಗುವುದಿಲ್ಲ. "ಓನರೇ ಬಿಟ್ಟರು, ನಿಮ್ಮದೇನು?" ಅಂತ ಅವನು ಕೇಳಿದರೆ, ಅದು ಅವನ ಮತ್ತು ಓನರ್ ನಡುವಿನ ಮಾತು ಅಂತ ಧೈರ್ಯವಾಗಿ ಹೇಳಿ. ನಿಮ್ಮ ಜೊತೆಗಿನ ಲೆಕ್ಕ ನಿಮ್ಮ ಜೊತೆಗೇ ಮುಗಿಯಬೇಕು.

ಆದರೂ ಅವನ ಪರವಾಗಿ ಎರಡು ಮಾತು ಹೇಳಲೇಬೇಕು. ಕೆಲಸ ಸಿಕ್ಕಿದೆ, ಊರು ಬಿಟ್ಟಿದ್ದಾನೆ, ಅಲ್ಲಿ ಹೊಸ ಮನೆಗೆ ಮತ್ತೆ ಡಿಪಾಜಿಟ್ ಕಟ್ಟಬೇಕು. ಶಹಾಪುರ, ಸುರಪುರ, ಆಳಂದ, ಚಿಂಚೋಳಿ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರದು ಬಹುಪಾಲು ಇದೇ ಕಥೆ. ನೇಮಕಾತಿ ಆದೇಶ ಕರಾರಿನ ತಾರೀಕು ನೋಡಿಕೊಂಡು ಬರುವುದಿಲ್ಲ ಅಲ್ವಾ? ಹಾಗಾಗಿ "ಐದು ತಿಂಗಳ ದುಡ್ಡು ಇಟ್ಟು ಹೋಗು" ಅಂತ ಹಟ ಹಿಡಿದು ಕೂರುವುದು ಸರಿಯಲ್ಲ. ಕಾನೂನು ಕೂಡ ಅದನ್ನು ಮೆಚ್ಚುವುದಿಲ್ಲ. ಕರಾರು ಮುರಿದಾಗ ಪರಿಹಾರ ಎಷ್ಟು ಅಂತ ಹೇಳುವ 73ನೇ ಕಲಮಿನ ವಿವರಣೆಯಲ್ಲಿ ಒಂದು ಮಾತಿದೆ. ನಷ್ಟ ಕಡಿಮೆ ಮಾಡಿಕೊಳ್ಳಲು ನಿಮ್ಮ ಕೈಯಲ್ಲಿ ಏನು ದಾರಿ ಇತ್ತು ಅನ್ನುವುದನ್ನೂ ನೋಡಬೇಕು ಅನ್ನುತ್ತದೆ ಅದು. ಇದನ್ನು ನಿಮ್ಮ ಮನೆಗೆ ಹೊಂದಿಸಿ ನೋಡಿ. ಅವನು ಯೋಗ್ಯ ಹುಡುಗನೊಬ್ಬನನ್ನು ಹುಡುಕಿ ಕಳಿಸಿದ. ಮಾಲೀಕರೂ ಒಪ್ಪಿದರು. ನೀವು ಸುಮ್ನೆ ಬೇಡ ಅಂದಿರಿ. ಅಲ್ಲಿಂದ ಮುಂದಿನ ತಿಂಗಳುಗಳ 4,000 ಅವನಿಂದ ಕೇಳುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ನ್ಯಾಯವೂ ಅಲ್ಲ.

ಈಗ ಲೆಕ್ಕ ಹಾಕೋಣ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಐದು ತಿಂಗಳು. ಅವನ ಪಾಲು 20,000. ಅವನ ಡಿಪಾಜಿಟ್ ಪಾಲೂ ಅಷ್ಟೇ. ಯಾರೂ ಹೊಸಬರು ಸಿಗದಿದ್ದರೆ ಅದಕ್ಕಿದು ಸರಿಹೋಗುತ್ತದೆ. ಹೊಸಬನೊಬ್ಬ ಫೆಬ್ರವರಿ 1ಕ್ಕೆ ಬಂದ ಅಂದುಕೊಳ್ಳಿ. ಆಗ ನಿಮ್ಮ ಗೆಳೆಯ ಕೊಡಬೇಕಾದದ್ದು ಡಿಸೆಂಬರ್, ಜನವರಿ, ಎರಡೇ ತಿಂಗಳು, 8,000. ಉಳಿದ 12,000 ಅವನಿಗೆ ವಾಪಸ್. ಈ ಲೆಕ್ಕವನ್ನು ಹೀಗೇ ಬಿಡಿಸಿ ಅವನಿಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ತನ್ನ ಜಾಗಕ್ಕೆ ಬೇಗ ಜನ ಹುಡುಕಿದಷ್ಟೂ ತನಗೇ ಲಾಭ ಅಂತ ಗೊತ್ತಾದರೆ ಅವನೂ ಓಡಾಡುತ್ತಾನೆ. ಜಗಳದ ದನಿ ತಗ್ಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಡಿಪಾಜಿಟ್ ವಿಷಯಕ್ಕೆ ಬರೋಣ. ದುಡ್ಡು ಇರುವುದು ಮಾಲೀಕರ ಹತ್ತಿರ, ನಿಮ್ಮ ಹತ್ತಿರ ಅಲ್ಲ. ಮೂವರ ಹೆಸರಲ್ಲಿ ಒಂದೇ ಮೊತ್ತವಾಗಿ ಇದೆ. ಮನೆ ಖಾಲಿ ಮಾಡಿ ಕೀಲಿಕೈ ಕೊಟ್ಟ ದಿನ ಅದು ವಾಪಸ್ ಬರಬೇಕು. ನಡುವೆ ಒಬ್ಬ ಹೋದ ಅಂತ ಮೂರನೇ ಒಂದು ಭಾಗ ಕಿತ್ತು ಕೊಡಬೇಕು ಅಂತ ಮಾಲೀಕರನ್ನು ಒತ್ತಾಯಿಸಲು ಆಗುವುದಿಲ್ಲ. ಅವರು ತಾವಾಗಿ ಕೊಟ್ಟರೆ ಬೇರೆ ಮಾತು. ನೀವಿಬ್ಬರೂ ನಿಮ್ಮ ಜೇಬಿನಿಂದ ಈಗಲೇ 20,000 ಕೊಡಬೇಕಿಲ್ಲ. ಆದರೆ ಏಪ್ರಿಲ್ ಕೊನೆಗೆ 60,000 ಕೈಗೆ ಬಂದಾಗ ಅದನ್ನು ನಿಮ್ಮಿಬ್ಬರದೇ ಅಂತ ಇಟ್ಟುಕೊಳ್ಳುವ ಹಾಗಿಲ್ಲ. ಅವನ ಪಾಲಿನ ಬಾಕಿ ಕಳೆದು ಉಳಿದದ್ದನ್ನು ಕೊಡಲೇಬೇಕು. ಎಷ್ಟೋ ಮನೆಗಳಲ್ಲಿ ಈ ದುಡ್ಡು ಹುಡುಗನದಾಗಿರುವುದಿಲ್ಲ, ತೊಗರಿ ಮಾರಿ ಬಂದ ಅಪ್ಪನ ದುಡ್ಡಾಗಿರುತ್ತದೆ. ಅದು ನೆನಪಿರಲಿ.

ಹೊಸಬ ಸಿಕ್ಕರೆ ಇದು ಸುಲಭ. ಹೊಸಬ 20,000ವನ್ನು ನೇರವಾಗಿ ಹೋಗುವವನ ಖಾತೆಗೆ ಹಾಕುತ್ತಾನೆ, ಹೋಗುವವನು ತನ್ನ ಬಾಕಿ ಬಾಡಿಗೆಯನ್ನು ನಿಮಗೆ ಕೊಡುತ್ತಾನೆ, ಮಾಲೀಕರು ಡಿಪಾಜಿಟ್ ಮುಟ್ಟುವುದೇ ಬೇಡ. ಆದರೆ ಇಲ್ಲೇ ಜನ ಎಡವುತ್ತಾರೆ. ದುಡ್ಡು ಕೈ ಬದಲಾಗುತ್ತದೆ, ಕಾಗದ ಬದಲಾಗುವುದಿಲ್ಲ. ಏಪ್ರಿಲ್‌ನಲ್ಲಿ ಮಾಲೀಕರು ಕರಾರು ತೆಗೆದು ನೋಡಿದರೆ ಅದರಲ್ಲಿ ಹೊಸಬನ ಹೆಸರೇ ಇರುವುದಿಲ್ಲ. ಹಳಬ ಬಂದು ತನ್ನ ಪಾಲು ಕೇಳಿದರೆ ಕೊಟ್ಟೂ ಬಿಡಬಹುದು. ಆಗ ಹೊಸಬನಿಗೆ ಹೋದ ದುಡ್ಡನ್ನು ಹುಡುಕಿಕೊಂಡು ಅಲೆಯುವುದೇ ಕೆಲಸ.

ಅದಕ್ಕೆ ಒಂದು ಹಾಳೆ ಬರೆಯಿರಿ. ಪೂರ್ತಿ ಹೊಸ ಕರಾರು ಮಾಡಿಕೊಂಡರೆ ಹಳೆಯದು ಅಲ್ಲಿಗೇ ರದ್ದಾಗುತ್ತದೆ, 62ನೇ ಕಲಂ ಹೇಳುವುದು ಇದನ್ನೇ. ಹೋಗುವವನಿಗೆ ಅದು ಅತಿ ಸುರಕ್ಷಿತ. ಉಳಿಯುವವರಿಗೆ ಒಂದು ತೊಂದರೆ ಇದೆ. ಹೊಸ ಕರಾರು ಅಂದಕೂಡಲೇ ಮಾಲೀಕರು ಬಾಡಿಗೆ ಏರಿಸುವ ಮಾತು ತೆಗೆಯಬಹುದು. ಹಳೆಯ ಕರಾರಿನ ಅವಧಿಯಲ್ಲಿ, ಅದರಲ್ಲೇ ಬರೆದಿಲ್ಲದ ಹೊರತು, ಅವರು ಒಬ್ಬರೇ ಬಾಡಿಗೆ ಏರಿಸುವ ಹಾಗಿಲ್ಲ. ಹಾಗಾಗಿ ನನ್ನ ಸಲಹೆ, ಇದ್ದ ಕರಾರಿಗೇ ಒಂದು ಪೂರಕ ಕರಾರು ಜೋಡಿಸಿ. ಇ-ಸ್ಟ್ಯಾಂಪ್ ಕಾಗದದ ಮೇಲೆ ಹೀಗೆ ಬರೆದರೆ ಸಾಕು:

"ದಿನಾಂಕ ...ರ ಬಾಡಿಗೆ ಕರಾರಿನಿಂದ ... ಇವರು ದಿನಾಂಕ ...ರಿಂದ ಹೊರಗೆ ಹೋಗಿರುತ್ತಾರೆ. ಆ ದಿನದವರೆಗಿನ ಬಾಡಿಗೆ, ಕರೆಂಟು, ನೀರಿನ ಬಾಕಿ ಇವರಿಂದ ಏನೂ ಇರುವುದಿಲ್ಲ. ಮುಂದಿನ ಬಾಡಿಗೆಗೆ ಇವರು ಮಾಲೀಕರಿಗಾಗಲಿ, ಉಳಿದ ಬಾಡಿಗೆದಾರರಿಗಾಗಲಿ ಹೊಣೆಯಲ್ಲ. ಡಿಪಾಜಿಟ್ 60,000 ರೂ. ಪೈಕಿ ಇವರ ಪಾಲು 20,000 ರೂ.ಗಳನ್ನು ಹೊಸದಾಗಿ ಸೇರಿದ ... ಇವರಿಂದ ಪಡೆದಿರುತ್ತಾರೆ. ಆ ಪಾಲು ಇನ್ನು ಮುಂದೆ ಹೊಸದಾಗಿ ಸೇರಿದವರದು. ಕರಾರಿನ ಎಲ್ಲ ಷರತ್ತುಗಳು ಅವರಿಗೂ ಅನ್ವಯಿಸುತ್ತವೆ. ಇದಕ್ಕೆ ಮಾಲೀಕರ ಒಪ್ಪಿಗೆ ಇದೆ."

ಕೆಳಗೆ ಐದು ಸಹಿ. ಮಾಲೀಕರದು, ಹೋಗುವವನದು, ಉಳಿಯುವ ಇಬ್ಬರದು, ಹೊಸಬನದು. ಹೋಗುವವನು ಬೆಂಗಳೂರಿನಲ್ಲಿದ್ದರೆ ಕಾಗದವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ಸಹಿ ಮಾಡಿಸಿ. ಮಾಲೀಕರ ಸಹಿ ಇಲ್ಲದ ಕಾಗದ ನಿಮ್ಮ ನಿಮ್ಮಲ್ಲಿ ಮಾತ್ರ ನಡೆಯುತ್ತದೆ, ಮಾಲೀಕರನ್ನು ಕಟ್ಟಿಹಾಕುವುದಿಲ್ಲ.

ಇನ್ನೂ ಒಂದು ವಿಷಯ. ಮಾಲೀಕರಿಗೆ ಹೇಳದೆ ಹೊಸಬನನ್ನು ತಂದು ಇಟ್ಟುಕೊಳ್ಳಬೇಡಿ. ಬೇರೆಯವರಿಗೆ ಒಳಬಾಡಿಗೆಗೆ ಕೊಡಬಾರದು ಅನ್ನುವ ಸಾಲು ಹೆಚ್ಚಿನ ಕರಾರುಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಮುರಿದರೆ ಮನೆ ಬಿಡಿಸಲು ಮಾಲೀಕರಿಗೆ ಕಾರಣ ನೀವೇ ಕೊಟ್ಟಂತೆ. ಹೊಸಬನೂ ಒಳಗೆ ಬರುವ ಮೊದಲು ಗೋಡೆ, ನಲ್ಲಿ, ಕಿಟಕಿ ಗಾಜು ಎಲ್ಲದರ ಫೋಟೊ ತೆಗೆದುಕೊಳ್ಳಲಿ. ಇಲ್ಲದಿದ್ದರೆ ಜೂನ್‌ನಲ್ಲಿ ಒಡೆದ ಗಾಜಿನ ದುಡ್ಡು ಫೆಬ್ರವರಿಯಲ್ಲಿ ಬಂದವನ ಪಾಲಿನಿಂದ ಹೋಗುತ್ತದೆ.

ನಿಮ್ಮ ಕರಾರನ್ನು ಇವತ್ತೇ ಕೂತು ಪೂರ್ತಿ ಓದಿ. ನೋಟಿಸ್ ಅವಧಿ ಎಷ್ಟು ಅಂತ ನೋಡಿ. ಒಂದು ತಿಂಗಳ ನೋಟಿಸ್ ಕೊಟ್ಟು ಬಾಡಿಗೆದಾರರು ಮನೆ ಬಿಡಬಹುದು ಅಂತ ಇದ್ದರೆ, ಮೂವರೂ ಸೇರಿ ನೋಟಿಸ್ ಕೊಟ್ಟು ಇದರಿಂದ ಹೊರಬರುವ ದಾರಿ ನಿಮಗಿದೆ. 12,000 ನಿಮಗೆ ಭಾರ, ಹೊಸಬರೂ ಸಿಗುತ್ತಿಲ್ಲ ಅಂದರೆ ಕುಸನೂರು ರಸ್ತೆ, ಜೇವರ್ಗಿ ರಸ್ತೆ ಕಡೆ ಚಿಕ್ಕ ಮನೆ ನೋಡಿಕೊಳ್ಳುವುದೇ ಜಾಣತನ. ಅವಧಿಗೆ ಮೊದಲು ಬಿಟ್ಟರೆ ಡಿಪಾಜಿಟ್ ಪೂರಾ ಮುಟ್ಟುಗೋಲು ಅಂತ ಬರೆದಿದೆಯಾ? ಹೆದರಬೇಡಿ. 74ನೇ ಕಲಂ ಪ್ರಕಾರ ಕರಾರಿನಲ್ಲಿ ದಂಡ ಎಷ್ಟೇ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ ಅಷ್ಟೇ. ಮುಂದಿನ ತಿಂಗಳೇ ಆ ಮನೆಗೆ ಬೇರೆ ಬಾಡಿಗೆದಾರರು ಬಂದಿದ್ದರೆ 60,000 ನುಂಗಲು ಮಾಲೀಕರಿಗೆ ಕಾರಣ ಇರುವುದಿಲ್ಲ. ಬಣ್ಣದ ಖರ್ಚು ಹಿಡಿಯಬಹುದು ಅಂತ ಬರೆದಿದ್ದರೆ ಅದು ಬೇರೆ. ಇನ್ನು ದಿನಬಳಕೆಯಿಂದ ಆಗುವ ಸಹಜ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಇದೆ.

"ಬಾಡಿಗೆ ಕಾಯ್ದೆ ನಮ್ಮನ್ನು ಕಾಪಾಡುವುದಿಲ್ವಾ?" ಅಂತ ಕೇಳುವವರು ಬಹಳ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯವಾಗುವುದಿಲ್ಲ. ಹಲವು ಊರುಗಳಲ್ಲಿ ಈ ಮಿತಿ 2,000 ಮಾತ್ರ. ನಿಮ್ಮದು 12,000. ಡಿಪಾಜಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇರುವುದು ನಿಜ. ಆದರೆ ಅದು ಮಾದರಿ. ರಾಜ್ಯ ತನ್ನದಾಗಿ ಜಾರಿಗೆ ತರದ ಹೊರತು ಅದನ್ನು ತೋರಿಸಿ ಮಾಲೀಕರ ಹತ್ತಿರ ವಾದ ಮಾಡಲಾಗದು.

ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂದರೆ ಉತ್ತರ ಬದಲಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕರಾರಿನಲ್ಲಿ ಒಬ್ಬನದೇ ಸಹಿ ಇದ್ದರೆ ಮಾಲೀಕರಿಗೆ ಹೊಣೆ ಅವನೊಬ್ಬನೇ. ಸಹಿ ಮಾಡಿದವನು ಉಳಿದು, ಮಾಡದವನು ಹೋದರೆ, ಹೋದವನ ಪಾಲನ್ನು ಮಾಲೀಕರು ಕೇಳುವುದು ಸಹಿ ಮಾಡಿದವನನ್ನೇ. ಸಹಿ ಮಾಡಿದವನೇ ಹೊರಟರೆ ಉಳಿದವರ ಕಾಲ ಕೆಳಗಿನ ನೆಲವೇ ಹೋದಂತೆ. ಅವನು ಹೋಗುವ ಮೊದಲೇ ತಮ್ಮ ಹೆಸರಿಗೆ ಕರಾರು ಮಾಡಿಸಿಕೊಳ್ಳಬೇಕು. ಬರವಣಿಗೆಯೇ ಇಲ್ಲದೆ ಬಾಯಿಮಾತಲ್ಲಿ ಮನೆ ಹಿಡಿದಿದ್ದರೆ, ಅಥವಾ 11 ತಿಂಗಳು ಮುಗಿದ ಮೇಲೂ ಬಾಡಿಗೆ ಕೊಡುತ್ತಾ ಇದ್ದು ಮಾಲೀಕರು ತೆಗೆದುಕೊಳ್ಳುತ್ತಿದ್ದರೆ, ಅದು ತಿಂಗಳು ತಿಂಗಳಿನ ಬಾಡಿಗೆ. ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ಲಿಖಿತ ನೋಟಿಸ್‌ನಿಂದ ಅದು ಮುಗಿಯುತ್ತದೆ. ಪಿಜಿಯಲ್ಲಿ ಒಬ್ಬೊಬ್ಬರೇ ಬೇರೆ ಬೇರೆ ದುಡ್ಡು ಕಟ್ಟಿ ಇರುವವರಿಗೆ ಈ ಯಾವ ತಾಪತ್ರಯವೂ ಇಲ್ಲ.

ಬಾಡಿಗೆ ಬಿಟ್ಟು ಉಳಿದ ಸಣ್ಣ ಲೆಕ್ಕಗಳೇ ಗೆಳೆತನ ಕೆಡಿಸುತ್ತವೆ. ಕರೆಂಟಿನದು ಮೊದಲು ನೋಡಿ. ಗೃಹಜ್ಯೋತಿಗೆ ನಿಮ್ಮ ಮನೆಯ ಆರ್‌ಆರ್ ನಂಬರಿಗೆ ಯಾರ ಆಧಾರ್ ಜೋಡಿಸಿದ್ದೀರಿ? ಹೋದವನದೇ ಆಗಿದ್ದರೆ ಸೇವಾ ಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಿಸಿ, ಉಳಿದವರಲ್ಲಿ ಒಬ್ಬರ ಆಧಾರ್ ಜೋಡಿಸಿ. ಡಿ-ಲಿಂಕ್ ಆಗದಿದ್ದರೆ ಬೆಂಗಳೂರಿನ ಹೊಸ ಮನೆಗೆ ಅವನಿಗೂ ಆ ಸೌಲಭ್ಯ ಸಿಗುವುದು ಕಷ್ಟ, ಹಾಗಾಗಿ ಅವನೂ ಸಹಕರಿಸುತ್ತಾನೆ. ಅವನು ಹೋದ ದಿನದ ಮೀಟರ್ ರೀಡಿಂಗ್ ಇಲ್ಲದಿದ್ದರೆ ಜೆಸ್ಕಾಂನ ನವೆಂಬರ್ ಬಿಲ್ಲನ್ನೇ ಆಧಾರ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಕೂಲರ್ ಹಗಲು ರಾತ್ರಿ ಓಡಿ 200 ಯೂನಿಟ್ ದಾಟಿದರೆ ಪೂರಾ ಬಿಲ್ ಬರುತ್ತದೆ. ಆ ಬಿಲ್ಲಿನಲ್ಲಿ, ಆಗ ತರಿಸುವ ನೀರಿನ ಟ್ಯಾಂಕರಿನಲ್ಲಿ ಅವನ ಪಾಲು ಕೇಳಬೇಡಿ. ಮನೆಯಲ್ಲಿ ಇಲ್ಲದವನು ಬಾಡಿಗೆಗೆ ಹೊಣೆಯಾಗಬಹುದು, ಬಳಸದ ನೀರಿಗೆ, ಕರೆಂಟಿಗೆ ಹೊಣೆ ಮಾಡುವುದು ಸರಿಯಲ್ಲ.

ಮೂವರೂ ದುಡ್ಡು ಹಾಕಿ ಕೂಲರ್, ಗ್ಯಾಸ್ ಒಲೆ ತಗೊಂಡಿದ್ದೀರಾ? ಈಗ ಮಾರಿದರೆ ಎಷ್ಟು ಬರುತ್ತದೆ ಅಂತ ಅಂದಾಜು ಮಾಡಿ. ಅದರಲ್ಲಿ ಮೂರನೇ ಒಂದು ಭಾಗವನ್ನು ಅವನ ಬಾಕಿಯಲ್ಲಿ ಕಡಿಮೆ ಮಾಡಿ. ಕೊಂಡ ಬೆಲೆ ಹಿಡಿಯಬೇಡಿ. ವೈಫೈ, ಸಿಲಿಂಡರ್ ಅವನ ಹೆಸರಲ್ಲಿದ್ದರೆ ಬದಲಾಯಿಸಿಕೊಳ್ಳಿ.

ಅವನು ಫೋನೇ ಎತ್ತುತ್ತಿಲ್ಲ ಅಂದರೂ ನೀವು ಬಾಡಿಗೆ ನಿಲ್ಲಿಸಬೇಡಿ. ಮಾಲೀಕರ ಕಣ್ಣಿಗೆ ನೀವು ಬಾಕಿದಾರರಾಗಬಾರದು. 12,000ವನ್ನು ಯುಪಿಐ ಅಥವಾ ಬ್ಯಾಂಕಿನಿಂದ ಕಳಿಸಿ, ನಗದು ಬೇಡ. ಅವನ ಪಾಲು ನೀವು ಕಟ್ಟಿದ ಪ್ರತಿ ಸಲವೂ ಅವನಿಗೆ ಒಂದು ಸಾಲು ಬರೆಯಿರಿ: "ನಿನ್ನ ಪಾಲಿನ ಡಿಸೆಂಬರ್ ಬಾಡಿಗೆ 4,000 ಇವತ್ತು ನಾವಿಬ್ಬರು ಕಟ್ಟಿದ್ದೇವೆ." ಬೈಗುಳ, ಚುಚ್ಚುಮಾತು ಬೇಡ. ಆ ಮೆಸೇಜುಗಳೇ ಮುಂದೆ ಸಾಕ್ಷಿ. ಇದನ್ನು ವಸೂಲಿ ಮಾಡಲು ಮೂರು ವರ್ಷದೊಳಗೆ ದಾವೆ ಹಾಕಬಹುದು. ಆದರೆ ಇಷ್ಟು ದುಡ್ಡಿಗೆ ಸಿವಿಲ್ ದಾವೆ ಹೂಡಿ ಅಲೆಯಿರಿ ಅಂತ ನಾನು ಹೇಳುವುದಿಲ್ಲ. ಪೊಲೀಸ್ ಠಾಣೆಗೂ ಹೋಗಬೇಡಿ, ಬಾಡಿಗೆ ಪಾಲಿನ ಜಗಳ ಅವರ ಕೆಲಸ ಅಲ್ಲ. ಮಾಲೀಕರು ನೀವಿಲ್ಲದಾಗ ಬೀಗ ಹಾಕಿದರೆ, ಸಾಮಾನು ಹೊರಗೆ ಎಸೆದರೆ ಮಾತ್ರ ತಕ್ಷಣ ಠಾಣೆಗೆ ಹೋಗಿ. ಕಾನೂನಿನ ದಾರಿ ಬಿಟ್ಟು ಹಾಗೆ ಹೊರಹಾಕಿದರೆ, ಮನೆ ಮತ್ತೆ ಸ್ವಾಧೀನಕ್ಕೆ ಕೊಡಿಸಿ ಅಂತ ಆರು ತಿಂಗಳೊಳಗೆ ಕೋರ್ಟಿಗೆ ಹೋಗುವ ಹಕ್ಕೂ ನಿಮಗಿದೆ.

ಮಾತುಕತೆ ಮುರಿದುಬಿದ್ದರೆ ನಾನು ಕಳಿಸುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಕಲಬುರಗಿಯಲ್ಲಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇದೆ, ಬೀದರ್, ಯಾದಗಿರಿಯವರಿಗೂ ಅವರವರ ಜಿಲ್ಲೆಯಲ್ಲಿ ಇದೆ. ದಾವೆ ಹಾಕುವ ಮೊದಲೇ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು. ಅವರು ಎರಡೂ ಕಡೆಯವರನ್ನು ಕರೆಸಿ ಕೂರಿಸುತ್ತಾರೆ, ಕೋರ್ಟ್ ಶುಲ್ಕ ಇಲ್ಲ. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಮೊದಲು ಫೋನಲ್ಲಿ ಕೇಳಬೇಕು ಅಂದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಮಾಡಿ. ಹೋಗುವಾಗ ಕರಾರಿನ ಜೆರಾಕ್ಸ್, ಡಿಪಾಜಿಟ್ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್, ಡಿಸೆಂಬರ್‌ನಿಂದ ಕಟ್ಟಿದ ಬಾಡಿಗೆಯ ದಾಖಲೆ, ಅವನ ಜೊತೆಗಿನ ವಾಟ್ಸಾಪ್ ಮಾತಿನ ಪ್ರಿಂಟ್, ಜೊತೆಗೆ ಅವನ ಬೆಂಗಳೂರಿನ ವಿಳಾಸ ಇಟ್ಟುಕೊಂಡು ಹೋಗಿ. ವಿಳಾಸ ಇಲ್ಲದಿದ್ದರೆ ಅವನಿಗೆ ಪತ್ರ ಕಳಿಸಲು ಆಗುವುದಿಲ್ಲ.